ನೋವು ಹೋದರೆ ವಾಸಿಯಾದಂತೆಯೇ? ಕಾರ್ಟಿಲೇಜ್ ರಿಪೇರಿ ನಂತರ ಡಾಕ್ಟರ್ ಏನೇನು ನೋಡುತ್ತಾರೆ

"ನೋವೇ ಇಲ್ಲ ಡಾಕ್ಟ್ರೇ, ಇನ್ನು ಓಡಬಹುದು ಅಲ್ವಾ?"

ಮಂಡಿಯ ಕಾರ್ಟಿಲೇಜ್ ರಿಪೇರಿ ಮಾಡಿಸಿಕೊಂಡ ಐದನೇ ತಿಂಗಳಲ್ಲಿ ನಾನು ಕೇಳಿದ ಪ್ರಶ್ನೆ ಇದು. ಡಾಕ್ಟರ್ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಮಲಗಿಸಿದರು. ಮಂಡಿಯ ಒಳಬದಿಯನ್ನು ಅಂಗೈಯಿಂದ ಮೇಲಕ್ಕೆ ಎರಡು ಮೂರು ಸಲ ಸವರಿದರು. ಆಮೇಲೆ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಸಲ. ಒಳಬದಿಯ ತಗ್ಗಿನಲ್ಲಿ ಸಣ್ಣ ಅಲೆಯೊಂದು ಉಬ್ಬಿ ಬಂತು. "ನೋಡಿ, ಇನ್ನೂ ನೀರಿದೆ. ಓಟ ಬೇಡ" ಅಂದರು.

ನನಗೆ ಬೇಜಾರಾಯಿತು. ನೋವಿಲ್ಲ ಅಂದಮೇಲೆ ಇನ್ನೇನು ಅಂತ ಅನಿಸಿತು. ಆದರೆ ಕಾರ್ಟಿಲೇಜಿನ ವಿಷಯದಲ್ಲಿ ನೋವೊಂದನ್ನೇ ನಂಬಿ ಕೂರುವ ಹಾಗಿಲ್ಲ. ಮೂಳೆಗಳ ತುದಿಯನ್ನು ಮುಚ್ಚಿರುವ ಈ ನುಣುಪಾದ ಪದರದಲ್ಲಿ ನರಗಳೇ ಇಲ್ಲ. ರಕ್ತನಾಳಗಳೂ ಇಲ್ಲ. ನರ ಇಲ್ಲದ್ದರಿಂದ ಅದು ತಾನು ಹೇಗಿದ್ದೇನೆ ಅಂತ ನೇರವಾಗಿ ಹೇಳಲಾರದು. ರಕ್ತ ಬಾರದ್ದರಿಂದ ಚರ್ಮದ ಗಾಯದಂತೆ ಬೇಗ ಮಾಯುವುದೂ ಇಲ್ಲ. ಕೀಲಿನಲ್ಲಿ ನೋವು ಬರುವುದು ಕೆಳಗಿನ ಮೂಳೆಯಿಂದ, ಸುತ್ತಲಿನ ಪೊರೆಯಿಂದ. ಅವು ಶಾಂತವಾದರೆ ನೋವು ಹೋಗುತ್ತದೆ. ಒಳಗಿನ ಹೊಸ ಪದರ ಆಗಿನ್ನೂ ಎಳಸಾಗಿಯೇ ಇರಬಹುದು.

ಹಾಗಾಗಿ ಡಾಕ್ಟರ್ ಒಂದೇ ಟೆಸ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ. ಹಲವು ಸುಳಿವುಗಳನ್ನು ಒಟ್ಟಿಗೆ ಇಟ್ಟು ನೋಡುತ್ತಾರೆ. ಆ ಸುಳಿವುಗಳು ಯಾವುವು, ಪ್ರತಿಯೊಂದರಲ್ಲೂ ನಿಮ್ಮ ಕೆಲಸ ಏನು ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಇಂಥ ರಿಪೇರಿ ಜಾಸ್ತಿ ನಡೆಯುವುದು ಮಂಡಿಗೆ, ಅದಕ್ಕೇ ಹೆಚ್ಚಿನ ಮಾತು ಮಂಡಿಯದ್ದೇ.

ಹಂತ 1: ನಿಮಗೆ ಆಗಿದ್ದು ಯಾವ ಚಿಕಿತ್ಸೆ, ಎಲ್ಲಿ ಆಗಿದ್ದು ತಿಳಿದುಕೊಳ್ಳಿ

"ಕಾರ್ಟಿಲೇಜ್ ಆಪರೇಷನ್ ಆಗಿದೆ" ಅಂದರೆ ಸಾಲದು. ವಾಸಿಯಾಗುವ ವೇಗ ಚಿಕಿತ್ಸೆಯಿಂದ ಚಿಕಿತ್ಸೆಗೆ ಬೇರೆ. ಪಕ್ಕದ ಬೆಡ್ಡಿನವರು ಆರು ತಿಂಗಳಿಗೆ ಆಟಕ್ಕೆ ಇಳಿದರು ಅಂತ ನೀವೂ ಇಳಿಯುವ ಹಾಗಿಲ್ಲ.

ಮೈಕ್ರೋಫ್ರಾಕ್ಚರ್‌ನಲ್ಲಿ ಕಾರ್ಟಿಲೇಜ್ ಕಿತ್ತುಹೋದ ಜಾಗದ ಮೂಳೆಗೆ ಸಣ್ಣ ಸಣ್ಣ ತೂತು ಮಾಡುತ್ತಾರೆ. ಮಜ್ಜೆಯಿಂದ ರಕ್ತ ಬಂದು ಹೆಪ್ಪುಗಟ್ಟಿ, ಆ ಹೆಪ್ಪು ನಿಧಾನವಾಗಿ ನಾರಿನಂಥ ಕಾರ್ಟಿಲೇಜ್ ಆಗುತ್ತದೆ. ಇದು ಮೂಲದ ಗಾಜಿನಂಥ ಕಾರ್ಟಿಲೇಜಿನಷ್ಟು ಗಟ್ಟಿಯಲ್ಲ. ಕೆಲವರಲ್ಲಿ ಮೊದಲ ಎರಡು ವರ್ಷ ಚೆನ್ನಾಗಿದ್ದು ಆಮೇಲೆ ಸವೆಯುವುದುಂಟು. ಹಾಗಾಗಿ ಇವರನ್ನು ಎರಡು ವರ್ಷದ ನಂತರವೂ ಗಮನಿಸಬೇಕಾಗುತ್ತದೆ.

ಮೊಸಾಯಿಕ್‌ಪ್ಲಾಸ್ಟಿಯಲ್ಲಿ ಅದೇ ಮಂಡಿಯ ಕಡಿಮೆ ಭಾರ ಬೀಳುವ ಜಾಗದಿಂದ ಮೂಳೆ ಸಮೇತ ಸಣ್ಣ ಕಾರ್ಟಿಲೇಜ್ ಬೆಣೆಗಳನ್ನು ತೆಗೆದು ಗುಳಿಯಲ್ಲಿ ಕೂರಿಸುತ್ತಾರೆ. ಇಲ್ಲಿ ಬೆಣೆಯ ಮೂಳೆ ಕೆಳಗಿನ ಮೂಳೆಗೆ ಬೆಸೆದುಕೊಂಡಿತಾ ಅನ್ನುವುದೇ ಮುಖ್ಯ ಪ್ರಶ್ನೆ. ಮೂಳೆಗೆ ಮೂಳೆ ಬೇಗ ಕೂಡುತ್ತದೆ. ಅದಕ್ಕೇ ಇವರು ಉಳಿದವರಿಗಿಂತ ಬೇಗ ಚಟುವಟಿಕೆಗೆ ಮರಳುತ್ತಾರೆ.

ಮೂರನೆಯದು ಕೋಶ ನಾಟಿ. ನಿಮ್ಮದೇ ಕಾರ್ಟಿಲೇಜಿನ ಚೂರು ತೆಗೆದು, ಅದರ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಗುಳಿಯಲ್ಲಿ ತುಂಬುತ್ತಾರೆ. ಇದು ಹದಕ್ಕೆ ಬರಲು ಎಲ್ಲಕ್ಕಿಂತ ಜಾಸ್ತಿ ಸಮಯ ಬೇಕು. ಒಂದೂವರೆಯಿಂದ ಎರಡು ವರ್ಷದವರೆಗೂ ಪದರ ಗಟ್ಟಿಯಾಗುತ್ತಲೇ ಇರುತ್ತದೆ. ನನಗೆ ಆಗಿದ್ದು ಇದೇ.

ಗುಳಿ ಇದ್ದ ಜಾಗವೂ ಲೆಕ್ಕಕ್ಕೆ ಬರುತ್ತದೆ. ಸ್ವೀಡನ್ನಿನ ಬ್ರಿಟ್‌ಬರ್ಗ್, ಪೀಟರ್ಸನ್ ಮತ್ತು ಸಂಗಡಿಗರು 1994ರಲ್ಲಿ ಕೋಶ ನಾಟಿಯ ಮೊದಲ ವರದಿ ಪ್ರಕಟಿಸಿದರು. ಒಟ್ಟು 23 ಜನ ರೋಗಿಗಳು. ತೊಡೆಮೂಳೆಯ ತುದಿಯಲ್ಲಿ ನಾಟಿ ಮಾಡಿಸಿಕೊಂಡ 16 ಜನರಲ್ಲಿ 14 ಜನರಿಗೆ ಎರಡು ವರ್ಷದ ನಂತರ ಒಳ್ಳೆಯ ಫಲಿತಾಂಶ ಬಂದಿತ್ತು. ಮಂಡಿಚಿಪ್ಪಿನ ಹಿಂಬದಿಗೆ ನಾಟಿಯಾದ 7 ಜನರಲ್ಲಿ ಹಾಗೆ ಬಂದಿದ್ದು ಇಬ್ಬರಿಗೆ ಮಾತ್ರ. ಆಮೇಲೆ ವಿಧಾನಗಳು ಬಹಳ ಸುಧಾರಿಸಿವೆ. ಆದರೆ ಮಂಡಿಚಿಪ್ಪಿನ ರಿಪೇರಿಯನ್ನು ಡಾಕ್ಟರುಗಳು ಈಗಲೂ ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ನಡೆಯುವಾಗ ತೊಂದರೆ ಕೊಡದ ಮಂಡಿಚಿಪ್ಪು ಮೆಟ್ಟಿಲಿಳಿಯುವಾಗ, ಕುಕ್ಕರಗಾಲಿನಲ್ಲಿ ಕೂರುವಾಗ ಗೊಣಗುತ್ತದೆ.

ಆದ್ದರಿಂದ ಡಿಸ್ಚಾರ್ಜ್ ಸಾರಾಂಶದಲ್ಲಿ ಮೂರು ವಿಷಯ ಇದೆಯಾ ನೋಡಿಕೊಳ್ಳಿ: ಚಿಕಿತ್ಸೆಯ ಹೆಸರು, ಗುಳಿಯ ಜಾಗ, ಗುಳಿಯ ಅಳತೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಮುಂದೆ ನಿಮ್ಮನ್ನು ನೋಡುವ ಯಾರಿಗೇ ಆದರೂ ಇದು ಬೇಕೇ ಬೇಕು.

ಹಂತ 2: ಆಪರೇಷನ್‌ಗೆ ಮುಂಚಿನ ಲೆಕ್ಕ ಇಟ್ಟುಕೊಳ್ಳಿ

ಬಹಳ ಜನ ತಪ್ಪುವುದು ಇಲ್ಲೇ. "ಸುಧಾರಿಸಿದೆ" ಅನ್ನಬೇಕಾದರೆ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕು. ಆಪರೇಷನ್‌ಗೆ ಮುಂಚೆ ಪ್ರಶ್ನಾವಳಿ ತುಂಬಿಸುತ್ತಾರೆ, ಮಂಡಿ ಎಷ್ಟು ಮಡಚುತ್ತದೆ ಅಂತ ಅಳೆಯುತ್ತಾರೆ, ನಿಂತ ಭಂಗಿಯಲ್ಲಿ ಎಕ್ಸ್-ರೇ ಮತ್ತು ಎಂಆರ್‌ಐ ತೆಗೆಸುತ್ತಾರೆ. ಇಡೀ ಕಾಲಿನ ಎಕ್ಸ್-ರೇ ಕೂಡ ತೆಗೆಯಬಹುದು. ಕಾಲು ಒಳಕ್ಕೋ ಹೊರಕ್ಕೋ ಬಾಗಿದ್ದರೆ ರಿಪೇರಿಯಾದ ಜಾಗದ ಮೇಲೆಯೇ ಭಾರ ಬೀಳುತ್ತಿರುತ್ತದೆ. ಕಾರಿನ ಚಕ್ರ ಸೊಟ್ಟಗಿದ್ದಾಗ ಟೈರ್ ಒಂದೇ ಕಡೆ ಸವೆಯುವ ಹಾಗೆ.

ಈ ಕಾಗದಗಳ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ವರ್ಷದ ನಂತರ ನೆನಪು ಮೋಸ ಮಾಡುತ್ತದೆ. ಒಂದು ಕಾಲದಲ್ಲಿ ಹತ್ತು ಮೆಟ್ಟಿಲು ಹತ್ತಲು ಎಷ್ಟು ಕಷ್ಟವಿತ್ತು ಅನ್ನುವುದು ಮರೆತೇ ಹೋಗಿರುತ್ತದೆ.

ಹಂತ 3: ಮೊದಲ ಆರು ವಾರದಲ್ಲಿ ಕಾರ್ಟಿಲೇಜ್ ಹುಡುಕಬೇಡಿ

ಈ ಅವಧಿಯಲ್ಲಿ ಡಾಕ್ಟರ್ ಹೊಸ ಪದರ ಹೇಗಿದೆ ಅಂತ ನೋಡುವುದಿಲ್ಲ. ನೋಡಿದರೂ ಹೇಳುವಂಥದ್ದು ಏನೂ ಇರುವುದಿಲ್ಲ. ಗಾಯ ಒಣಗಿದೆಯಾ, ಸೋಂಕು ಇಲ್ಲವಾ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿಲ್ಲವಾ, ಮಂಡಿ ಪೂರ್ತಿ ನೇರವಾಗುತ್ತದೆಯಾ, ಊರುಗೋಲು ಸರಿಯಾಗಿ ಬಳಸುತ್ತಿದ್ದೀರಾ, ಇಷ್ಟನ್ನೇ ನೋಡುತ್ತಾರೆ. ತೊಡೆಮೂಳೆಯ ತುದಿಯಲ್ಲಿ ರಿಪೇರಿ ಆಗಿದ್ದರೆ ಕಾಲಿಗೆ ಭಾರ ಹಾಕುವುದಕ್ಕೆ ಮಿತಿ ಇರುತ್ತದೆ. ಮಂಡಿಚಿಪ್ಪಿನ ಕಡೆ ಆಗಿದ್ದರೆ ಕಾಲನ್ನು ನೇರವಾಗಿ ಲಾಕ್ ಮಾಡುವ ಬ್ರೇಸ್ ಹಾಕಿ ಭಾರ ಹಾಕಲು ಬಿಡುತ್ತಾರೆ, ಮಡಚುವುದಕ್ಕೆ ಮಿತಿ ಹಾಕುತ್ತಾರೆ. ನಿಮಗೆ ಹೇಳಿದ ಮಿತಿ ಯಾವುದು ಅಂತ ಸ್ಪಷ್ಟವಾಗಿ ತಿಳಿದುಕೊಳ್ಳಿ.

ಹಂತ 4: ಊತವನ್ನು ಓದಲು ಕಲಿಯಿರಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೀಲಿಗೆ ಹೊರೆ ಜಾಸ್ತಿಯಾದಾಗ ಒಳಗಿನ ಪೊರೆ ಕೆರಳಿ ನೀರು ಬಿಡುತ್ತದೆ. ನೀವು ಎಷ್ಟು ಧೈರ್ಯವಂತರು, ಎಷ್ಟು ನೋವು ತಡೆದುಕೊಳ್ಳುತ್ತೀರಿ ಅನ್ನುವುದಕ್ಕೂ ಆ ನೀರಿಗೂ ಸಂಬಂಧವಿಲ್ಲ.

ಡಾಕ್ಟರ್ ಮಾಡುವ ಸವರುವ ಪರೀಕ್ಷೆಯಲ್ಲಿ ದರ್ಜೆಗಳಿವೆ. ಅಲೆ ಏಳಲೇ ಇಲ್ಲ ಅಂದರೆ ಸೊನ್ನೆ. ಹೊರಬದಿ ಸವರಿದಾಗ ಒಳಬದಿಯಲ್ಲಿ ಸಣ್ಣ ಅಲೆ ಕಂಡರೆ ಲೇಶ. ಅಲೆ ದೊಡ್ಡದಾಗಿ ಉಬ್ಬಿದರೆ 1. ಹೊರಬದಿ ಸವರುವ ಮುಂಚೆಯೇ ನೀರು ತಾನಾಗಿ ಹಿಂದಕ್ಕೆ ಬಂದರೆ 2. ಎಷ್ಟು ಸವರಿದರೂ ಒಳಬದಿಯ ನೀರು ಸರಿಯದಿದ್ದರೆ 3. ತುಂಬಾ ನೀರಿದ್ದಾಗ ಮಂಡಿಚಿಪ್ಪನ್ನು ಬೆರಳಿನಿಂದ ಒತ್ತಿದರೆ ಅದು ತೇಲುತ್ತಿದ್ದಂತೆ ಒಳಹೋಗಿ ಮೂಳೆಗೆ ಟಕ್ ಅಂತ ಬಡಿಯುತ್ತದೆ.

ಊತ ಇದ್ದರೆ ಇನ್ನೊಂದು ತೊಂದರೆ ಇದೆ. ಕೀಲಿನಲ್ಲಿ ನೀರು ತುಂಬಿದಾಗ ನರಗಳು ತೊಡೆಯ ಮುಂಭಾಗದ ಸ್ನಾಯುವಿಗೆ ತಡೆ ಹಾಕುತ್ತವೆ. ನೀವು ಎಷ್ಟೇ ಮನಸ್ಸಿಟ್ಟು ವ್ಯಾಯಾಮ ಮಾಡಿದರೂ ಆ ಸ್ನಾಯು ಪೂರ್ತಿ ಬಿಗಿಯುವುದೇ ಇಲ್ಲ. ಅದಕ್ಕೇ ಫಿಸಿಯೋಥೆರಪಿಸ್ಟ್ ಊತ ಇರುವಾಗ ವ್ಯಾಯಾಮದ ಹೊರೆ ಹೆಚ್ಚಿಸುವುದಿಲ್ಲ.

ನೀವು ಮಾಡಬೇಕಾದ್ದು ಸುಲಭ. ಸಣ್ಣ ಪುಸ್ತಕವೊಂದನ್ನು ಇಟ್ಟುಕೊಳ್ಳಿ. ನಿನ್ನೆ ಏನು ಮಾಡಿದೆ ಅಂತ ಒಂದು ಸಾಲು. ಇವತ್ತು ಬೆಳಗ್ಗೆ ಮಂಡಿ ಹೇಗಿದೆ ಅಂತ ಇನ್ನೊಂದು ಸಾಲು. ಊತ ಎಷ್ಟೋ ಸಲ ಅದೇ ದಿನ ಬರುವುದಿಲ್ಲ, ಮಾರನೇ ದಿನ ಕಾಣಿಸಿಕೊಳ್ಳುತ್ತದೆ. ಐದನೇ ತಿಂಗಳ ಆ ಭೇಟಿಗೆ ಎರಡು ದಿನ ಮುಂಚೆ ನಾನು ಯಾರಿಗೂ ಹೇಳದೆ ಸುಮ್ನೆ ಸ್ವಲ್ಪ ಓಡಿ ನೋಡಿದ್ದೆ. ಓಡುವಾಗ ಏನೂ ಆಗಲಿಲ್ಲ. ಮಾರನೇ ಬೆಳಗ್ಗೆ ಮಂಡಿಚಿಪ್ಪಿನ ಎರಡು ಬದಿಯ ತಗ್ಗು ಮುಚ್ಚಿಹೋಗಿತ್ತು. ನಾನು ಅದನ್ನು ಹೇಳಿರಲಿಲ್ಲ, ಡಾಕ್ಟರ ಅಂಗೈಗೆ ಅದು ಗೊತ್ತಾಯಿತು.

ಹಂತ 5: ಕೋನ ಮತ್ತು ತೊಡೆಯ ಅಳತೆ

ಗೋನಿಯೋಮೀಟರ್ ಅಂದರೆ ಎರಡು ಕಡ್ಡಿಗಳನ್ನು ಒಂದು ಕೋನಮಾಪಕಕ್ಕೆ ಜೋಡಿಸಿದ ಸಾಧನ. ನಡುಭಾಗವನ್ನು ಮಂಡಿಯ ಹೊರಬದಿಗೆ ಇಟ್ಟು, ಒಂದು ಕಡ್ಡಿಯನ್ನು ಸೊಂಟದ ಕೀಲಿನ ಕಡೆಗೆ, ಇನ್ನೊಂದನ್ನು ಪಾದದ ಕೀಲಿನ ಹೊರಗಿನ ಮೂಳೆಗುಬ್ಬಿಯ ಕಡೆಗೆ ಹಿಡಿಯುತ್ತಾರೆ. ಪೂರ್ತಿ ನೇರವಾದ ಮಂಡಿ 0 ಡಿಗ್ರಿ, ಚೆನ್ನಾಗಿ ಮಡಚಿದರೆ ಸುಮಾರು 135 ರಿಂದ 140. ಇನ್ನೊಂದು ಕಾಲನ್ನೂ ಅಳೆದು ಹೋಲಿಸುತ್ತಾರೆ.

ಮಡಚುವುದು ಸ್ವಲ್ಪ ಕಡಿಮೆಯಾದರೆ ಜನ ಗಾಬರಿಯಾಗುತ್ತಾರೆ. ಡಾಕ್ಟರಿಗೆ ಜಾಸ್ತಿ ಚಿಂತೆ ತರುವುದು ನೇರವಾಗದ ಮಂಡಿ. ಐದು ಡಿಗ್ರಿ ಉಳಿದರೂ ನಡಿಗೆಯಲ್ಲಿ ಕುಂಟು ಬರುತ್ತದೆ, ತೊಡೆಯ ಸ್ನಾಯು ಬೇಗ ದಣಿಯುತ್ತದೆ. ವಾರಗಳು ಕಳೆದರೂ ಕೋನ ಮುಂದಕ್ಕೆ ಹೋಗುತ್ತಿಲ್ಲ ಅಂದರೆ ಒಳಗೆ ಅಂಟು ಕಟ್ಟಿರಬಹುದಾ ಅಂತ ಯೋಚಿಸುತ್ತಾರೆ. ಆದ್ದರಿಂದ ಒಂದು ದಿನದ ಅಂಕಿಗಿಂತ ಎರಡು ಭೇಟಿಗಳ ನಡುವೆ ಎಷ್ಟು ಬದಲಾಯಿತು ಅನ್ನುವುದು ಮುಖ್ಯ.

ಟೇಪಿನಿಂದ ತೊಡೆಯ ಸುತ್ತಳತೆಯನ್ನೂ ನೋಡುತ್ತಾರೆ. ಮಂಡಿಚಿಪ್ಪಿನ ಮೇಲ್ತುದಿಯಿಂದ ಇಷ್ಟು ಸೆಂಟಿಮೀಟರ್ ಅಂತ ಗುರುತು ಹಾಕಿ, ಪ್ರತಿ ಸಲ ಅದೇ ಜಾಗದಲ್ಲಿ ಅಳೆಯಬೇಕು. ಮಲಗಿ ಕಾಲನ್ನು ನೇರವಾಗಿ ಎತ್ತಲು ಹೇಳುತ್ತಾರೆ. ಎತ್ತುವಾಗ ಮಂಡಿ ಸ್ವಲ್ಪ ಮಡಚಿಕೊಂಡರೆ ತೊಡೆಯ ಸ್ನಾಯು ಇನ್ನೂ ಎದ್ದಿಲ್ಲ ಅಂತ ಅರ್ಥ.

ಹಂತ 6: ಪ್ರಶ್ನಾವಳಿಯನ್ನು ಪ್ರಾಮಾಣಿಕವಾಗಿ ತುಂಬಿ

ಕಾಯುವ ಕೋಣೆಯಲ್ಲಿ ಕೊಡುವ ಆ ಹಾಳೆಗಳನ್ನು ಬೇಗ ಬೇಗ ಟಿಕ್ ಮಾಡಿ ಕೊಟ್ಟುಬಿಡುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಕಾರ್ಟಿಲೇಜ್ ಚಿಕಿತ್ಸೆ ಫಲ ಕೊಟ್ಟಿತಾ ಅಂತ ತೀರ್ಮಾನಿಸುವುದರಲ್ಲಿ ಈ ಹಾಳೆಗಳಿಗೆ ಸ್ಕ್ಯಾನ್‌ಗಿಂತ ಕಡಿಮೆ ಬೆಲೆ ಇಲ್ಲ.

ಹೆಚ್ಚು ಬಳಕೆಯಲ್ಲಿರುವುದು ಕೂಸ್ (KOOS) ಪ್ರಶ್ನಾವಳಿ. 42 ಪ್ರಶ್ನೆಗಳು, ಐದು ಭಾಗಗಳು: ನೋವು, ಊತ ಬಿಗಿತದಂಥ ಲಕ್ಷಣಗಳು, ದಿನದ ಕೆಲಸಗಳು, ಆಟೋಟ, ಬದುಕಿನ ಗುಣಮಟ್ಟ. ಕಳೆದ ಒಂದು ವಾರದ ಬಗ್ಗೆ ಕೇಳುತ್ತದೆ. ಪ್ರತಿ ಭಾಗಕ್ಕೂ 0 ಯಿಂದ 100 ರವರೆಗೆ ಬೇರೆ ಬೇರೆ ಅಂಕ, 100 ಅಂದರೆ ತೊಂದರೆಯೇ ಇಲ್ಲ. ಭಾಗಗಳನ್ನು ಬೇರೆಯಾಗಿ ಇಡುವುದಕ್ಕೆ ಕಾರಣವಿದೆ. ಒಬ್ಬರಿಗೆ ವರ್ಷದಲ್ಲಿ ನೋವಿನ ಅಂಕ 55 ರಿಂದ 85 ಕ್ಕೆ ಏರಿತು, ಆಟೋಟದ ಅಂಕ 20 ರಿಂದ 40 ಕ್ಕೆ ಮಾತ್ರ ಬಂತು ಅಂದುಕೊಳ್ಳಿ. ಎಲ್ಲ ಕೂಡಿಸಿ ಸರಾಸರಿ ತೆಗೆದಿದ್ದರೆ "ಪರವಾಗಿಲ್ಲ" ಅಂತ ಕಾಣುತ್ತಿತ್ತು. ಬಿಡಿಯಾಗಿ ನೋಡಿದಾಗ ಗೊತ್ತಾಗುತ್ತದೆ: ದಿನದ ಬದುಕಿಗೆ ಮಂಡಿ ತಯಾರು, ಆಟಕ್ಕೆ ಇನ್ನೂ ಇಲ್ಲ. ಸಾಮಾನ್ಯವಾಗಿ 8 ರಿಂದ 10 ಅಂಕದ ಬದಲಾವಣೆಯನ್ನು ರೋಗಿಗೆ ನಿಜಕ್ಕೂ ಅನುಭವಕ್ಕೆ ಬರುವ ಬದಲಾವಣೆ ಅಂತ ಪರಿಗಣಿಸುತ್ತಾರೆ. ಎರಡು ಮೂರು ಅಂಕ ಆಚೀಚೆ ಆದರೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಇನ್ನು ಐಕೆಡಿಸಿ ಅನ್ನುವುದು 18 ಪ್ರಶ್ನೆಗಳದ್ದು. ಲಿಶೋಮ್ ಪಟ್ಟಿಯಲ್ಲಿ ಎಂಟು ವಿಷಯಗಳಿಗೆ ಒಟ್ಟು 100 ಅಂಕ. ಅದರಲ್ಲಿ ನೋವಿಗೆ 25, ಮಂಡಿ ಜಾರುವುದಕ್ಕೆ 25. ಟೆಗ್ನರ್ ಅಳತೆ ನೀವು ಯಾವ ಮಟ್ಟದ ಚಟುವಟಿಕೆ ಮಾಡುತ್ತೀರಿ ಅಂತ 0 ಯಿಂದ 10 ರವರೆಗೆ ಹೇಳುತ್ತದೆ. ಈ ಕೊನೆಯದು ಬಹಳ ಉಪಯುಕ್ತ. ಕಾಲು ಚಾಚಿ ಕೂತೇ ಇರುವವರಿಗೆ ನೋವು ಬಾರದಿರುವುದು ಸಹಜ. ಚಟುವಟಿಕೆಯ ಮಟ್ಟ ಗೊತ್ತಿಲ್ಲದೆ ನೋವಿನ ಅಂಕಕ್ಕೆ ಅರ್ಥವಿಲ್ಲ.

ಬಹಳ ಜನ ಬೀಳುವ ಹಳ್ಳವೂ ಇದೇ. "ಕುಕ್ಕರಗಾಲಿನಲ್ಲಿ ಕೂರಲು ಕಷ್ಟವಿದೆಯೇ?" ಅಂತ ಪ್ರಶ್ನೆ ಬರುತ್ತದೆ. ನೀವು ಹೆದರಿ ಆರು ತಿಂಗಳಿಂದ ಹಾಗೆ ಕೂತೇ ಇಲ್ಲ. ಕೂತಿಲ್ಲ, ಆದ್ದರಿಂದ ನೋವಿಲ್ಲ, ಆದ್ದರಿಂದ "ಕಷ್ಟವಿಲ್ಲ" ಅಂತ ಟಿಕ್. ಇದು ತಪ್ಪು ಚಿತ್ರ ಕೊಡುತ್ತದೆ. ಅಂಥ ಕಡೆ "ಇದನ್ನು ಮಾಡಿಲ್ಲ" ಅಂತ ಡಾಕ್ಟರಿಗೋ ಫಿಸಿಯೋಥೆರಪಿಸ್ಟಿಗೋ ಬಾಯಿಬಿಟ್ಟು ಹೇಳಿ. ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಇಷ್ಟು ಕಷ್ಟಪಟ್ಟು ಆಪರೇಷನ್ ಮಾಡಿದವರಿಗೆ ಬೇಜಾರಾಗದಿರಲಿ ಅಂತ ಒಳ್ಳೆಯ ಅಂಕ ಕೊಡುವವರೂ ಇದ್ದಾರೆ. ಆ ಸೌಜನ್ಯದಿಂದ ನಷ್ಟವಾಗುವುದು ನಿಮ್ಮ ಮಂಡಿಗೆ.

ಹಂತ 7: ಎಂಆರ್‌ಐ ವರದಿಯನ್ನು ಒಬ್ಬರೇ ಕೂತು ಓದಿ ಹೆದರಬೇಡಿ

ಎಕ್ಸ್-ರೇಯಲ್ಲಿ ಕಾರ್ಟಿಲೇಜ್ ಕಾಣುವುದಿಲ್ಲ. ಮೂಳೆಗಳ ನಡುವಿನ ಅಂತರ, ಕಾಲಿನ ನೇರ ಮಾತ್ರ ತಿಳಿಯುತ್ತದೆ. ಕತ್ತರಿಸದೆ ಹೊಸ ಪದರವನ್ನು ನೋಡಬೇಕಾದರೆ ಎಂಆರ್‌ಐ ಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ಒಳಗೆ ಒಂದು, ವರ್ಷಕ್ಕೆ ಒಂದು, ಅಗತ್ಯವಿದ್ದರೆ ಎರಡನೇ ವರ್ಷಕ್ಕೆ ಮತ್ತೊಂದು ತೆಗೆಸುತ್ತಾರೆ. ತೊಂದರೆಯೇನೂ ಇಲ್ಲದಿದ್ದರೆ ಕೆಲವು ಡಾಕ್ಟರುಗಳು ಇಷ್ಟೂ ತೆಗೆಸುವುದಿಲ್ಲ.

ರೇಡಿಯಾಲಜಿಸ್ಟ್ ನೋಡುವುದನ್ನು ರಸ್ತೆಯ ಗುಂಡಿ ಮುಚ್ಚಿದ ಕೆಲಸಕ್ಕೆ ಹೋಲಿಸಿದರೆ ಸುಲಭವಾಗಿ ಅರ್ಥವಾಗುತ್ತದೆ. ಗುಂಡಿ ಪೂರ್ತಿ ತುಂಬಿದೆಯಾ? ತುಂಬಿದ್ದು ಅಂಚಿನ ಹಳೇ ರಸ್ತೆಗೆ ಕೂಡಿಕೊಂಡಿದೆಯಾ, ಸೀಳು ಉಳಿದಿದೆಯಾ? ಮೇಲ್ಮೈ ಸಮವಾಗಿದೆಯಾ, ಉಬ್ಬಿದೆಯಾ? ಒಳಗೆಲ್ಲ ಒಂದೇ ಹದದಲ್ಲಿದೆಯಾ? ಕೆಳಗಿನ ತಳ, ಅಂದರೆ ಮೂಳೆ, ಗಟ್ಟಿಯಿದೆಯಾ? ಇವಕ್ಕೆಲ್ಲ ಅಂಕ ಕೊಡುವ ಪದ್ಧತಿಗೆ ಮೋಕಾರ್ಟ್ ಅಂತ ಹೆಸರು. 2019ರಲ್ಲಿ ಅದರ ಪರಿಷ್ಕೃತ ರೂಪ ಮೋಕಾರ್ಟ್ 2.0 ಬಂತು. ಇಲ್ಲೂ 0 ಯಿಂದ 100.

ಮೊದಲ ತಿಂಗಳುಗಳ ಸ್ಕ್ಯಾನ್‌ನಲ್ಲಿ ಹೊಸ ಪದರ ಪಕ್ಕದ ಕಾರ್ಟಿಲೇಜಿಗಿಂತ ಬೆಳ್ಳಗೆ ಕಾಣುವುದು ಸಾಮಾನ್ಯ. ಅದರಲ್ಲಿ ನೀರಿನಂಶ ಜಾಸ್ತಿ ಇರುತ್ತದೆ. ಹದಕ್ಕೆ ಬಂದಂತೆ ಬಣ್ಣವೂ ಹೊಂದಿಕೊಳ್ಳುತ್ತದೆ. ಕೆಳಗಿನ ಮೂಳೆಯಲ್ಲಿ "ಎಡಿಮಾ" (ನೀರು ಸೇರಿದ ಊತ) ಅಂತ ಬರೆದಿದ್ದರೆ ಆರಂಭದಲ್ಲಿ ಅದೂ ಅಪರೂಪವಲ್ಲ. ವರ್ಷದ ನಂತರವೂ ಉಳಿದರೆ, ಅಥವಾ ಕಡಿಮೆಯಾಗಿದ್ದು ಮತ್ತೆ ಹೆಚ್ಚಾದರೆ, ಆಗ ಯೋಚಿಸುತ್ತಾರೆ. ಪದರ ಮೂಳೆಯಿಂದ ಎದ್ದು ಬಂದಿದೆ ಅಂತ ಕಂಡರೆ ಅದು ನಿಜವಾದ ತೊಂದರೆ.

ಕೆಲವು ಕೇಂದ್ರಗಳಲ್ಲಿ ಟಿ2 ಮ್ಯಾಪಿಂಗ್ ಕೂಡ ಮಾಡುತ್ತಾರೆ. ಪದರದ ಒಳಗಿನ ನೀರು ಮತ್ತು ಕೊಲಾಜನ್ ನಾರುಗಳ ಜೋಡಣೆ ಹೇಗಿದೆ ಅಂತ ಬಣ್ಣದ ನಕ್ಷೆಯಲ್ಲಿ ತೋರಿಸುವ ವಿಧಾನ ಅದು. ಎಲ್ಲರಿಗೂ ಬೇಕಾಗಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಚಿತ್ರಕ್ಕೂ ರೋಗಿಯ ಅನುಭವಕ್ಕೂ ಇರುವ ನಂಟು ಸಡಿಲ. ಸ್ಕ್ಯಾನ್ ಸುಂದರವಾಗಿದ್ದೂ ಮೆಟ್ಟಿಲಿಳಿಯಲು ಒದ್ದಾಡುವವರಿದ್ದಾರೆ. ಸ್ಕ್ಯಾನ್ ಒರಟಾಗಿದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಬರೀ ವರದಿ ನೋಡಿ ಮತ್ತೊಂದು ಆಪರೇಷನ್ ಅಂದರೆ, ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ. ಇನ್ನೊಬ್ಬ ತಜ್ಞರ ಅಭಿಪ್ರಾಯವನ್ನೂ ಕೇಳಬಹುದು.

ಹಂತ 8: ಕಾಲು ಏನು ಮಾಡಬಲ್ಲದು ಅಂತ ತೋರಿಸಿ

ಮೂರು ನಾಲ್ಕು ತಿಂಗಳ ಹೊತ್ತಿಗೆ ನಡಿಗೆ ನೋಡುತ್ತಾರೆ. ಆಮೇಲೆ ಸಣ್ಣ ಮೆಟ್ಟಿಲಿನ ಮೇಲೆ ನಿಲ್ಲಿಸಿ ಇನ್ನೊಂದು ಕಾಲನ್ನು ನಿಧಾನವಾಗಿ ಕೆಳಗಿಡಲು ಹೇಳುತ್ತಾರೆ. ಇದನ್ನು ಕನ್ನಡಿ ಮುಂದೆ ಮಾಡಿ ನೋಡಿ. ಮೇಲೆ ನಿಂತ ಕಾಲಿನ ಮಂಡಿ ಒಳಕ್ಕೆ ವಾಲುತ್ತದೆಯಾ? ಸೊಂಟ ಒಂದು ಕಡೆ ಕುಸಿಯುತ್ತದೆಯಾ? ಪಾದ ದಪ್ಪನೆ ಬೀಳುತ್ತದೆಯಾ? ನಿಧಾನವಾಗಿ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಸ್ನಾಯುವಿನ ಹಿಡಿತ ಇಲ್ಲದಿದ್ದರೆ ಇಲ್ಲಿ ಮುಚ್ಚಿಡಲು ಆಗುವುದೇ ಇಲ್ಲ.

ಆಟಕ್ಕೆ ಮರಳುವವರಿಗೆ ಕೊನೆಯಲ್ಲಿ ಒಂಟಿ ಕಾಲಿನ ಜಿಗಿತದ ಪರೀಕ್ಷೆಗಳಿರುತ್ತವೆ: ಒಂದು ಜಿಗಿತ, ಸತತ ಮೂರು ಜಿಗಿತ, ಗೆರೆಯ ಆಚೀಚೆ ದಾಟುತ್ತಾ ಮೂರು ಜಿಗಿತ, ಆರು ಮೀಟರ್ ದೂರವನ್ನು ಎಷ್ಟು ಬೇಗ ಜಿಗಿದು ಮುಗಿಸುತ್ತೀರಿ ಅನ್ನುವುದು. ಒಳ್ಳೆ ಕಾಲು 120 ಸೆಂಟಿಮೀಟರ್ ಜಿಗಿದು, ಆಪರೇಷನ್ ಆದ ಕಾಲು 96 ಜಿಗಿದರೆ ಶೇಕಡ 80. ಸಾಮಾನ್ಯವಾಗಿ ಕೇಳುವುದು ಶೇಕಡ 90. ತೊಡೆಯ ಬಲವನ್ನು ಯಂತ್ರದಲ್ಲಿ ಅಳೆದಾಗಲೂ ಇದೇ ಲೆಕ್ಕ.

ಇದರಲ್ಲಿ ಒಂದು ಮೋಸವಿದೆ. ವರ್ಷವಿಡೀ ಓಡಾಟ ಕಡಿಮೆ ಮಾಡಿದ್ದರಿಂದ ಒಳ್ಳೆ ಕಾಲೂ ಬಡವಾಗಿರುತ್ತದೆ. ಬಡವಾದ ಕಾಲಿಗೆ ಹೋಲಿಸಿದ ಶೇಕಡ 90 ಅಷ್ಟು ದೊಡ್ಡದಲ್ಲ. ಆಪರೇಷನ್‌ಗೆ ಮುಂಚೆ ಒಳ್ಳೆ ಕಾಲಿನ ಬಲವನ್ನು ಅಳೆದು ಬರೆದಿಟ್ಟಿದ್ದರೆ ಆ ಅಂಕಿ ಈಗ ಬಂಗಾರ.

ಈ ಜಿಗಿತಗಳನ್ನು ನೀವಾಗಿ ಮನೆಯಲ್ಲಿ ಮಾಡಿ ನೋಡಬೇಡಿ. ಊತ ಪೂರ್ತಿ ಇಳಿದು, ಬಲ ಬಂದ ಮೇಲೆ, ಡಾಕ್ಟರ್ ಹೇಳಿದಾಗ ಮಾತ್ರ. ಕೋಶ ನಾಟಿ ಆದವರಿಗೆ ಇದು ವರ್ಷದ ಹತ್ತಿರದ ಮಾತು.

ಪಾದದ ಕೀಲಿಗೆ ರಿಪೇರಿ ಆಗಿದ್ದರೆ ಗೋಡೆಯ ಮುಂದೆ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ, ಪಾದ ಗೋಡೆಯಿಂದ ಎಷ್ಟು ದೂರ ಇಡಬಲ್ಲಿರಿ ಅಂತ ಅಳೆಯುತ್ತಾರೆ. ಪಾದಕ್ಕೂ ಸೊಂಟಕ್ಕೂ ಕೂಸ್ ಮಾದರಿಯದ್ದೇ ಬೇರೆ ಪ್ರಶ್ನಾವಳಿಗಳಿವೆ.

ಹಂತ 9: ಮತ್ತೆ ಒಳಗೆ ನೋಡಬೇಕಾ?

ಆರ್ತ್ರೋಸ್ಕೋಪಿ ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ನೋಡುವುದು. ಹೊಸ ಪದರವನ್ನು ಕಣ್ಣಾರೆ ನೋಡಿ, ಕೊಕ್ಕೆಯಂಥ ಸಲಕರಣೆಯಿಂದ ಒತ್ತಿ, ಮೆತ್ತಗಿದೆಯಾ ಗಟ್ಟಿಯಿದೆಯಾ ತಿಳಿಯಬಹುದು. ಅಂತರರಾಷ್ಟ್ರೀಯ ಕಾರ್ಟಿಲೇಜ್ ರಿಪೇರಿ ಸೊಸೈಟಿಯ ಪದ್ಧತಿಯಲ್ಲಿ ಗುಳಿ ತುಂಬಿದ ಪ್ರಮಾಣ, ಅಂಚು ಕೂಡಿದ ರೀತಿ, ಮೇಲ್ಮೈಯ ರೂಪ, ಮೂರಕ್ಕೂ ತಲಾ 4 ಅಂಕ. 12 ಬಂದರೆ ಸಹಜ, 8 ರಿಂದ 11 ಹೆಚ್ಚುಕಡಿಮೆ ಸಹಜ.

ಆದರೆ ಚೆನ್ನಾಗಿರುವವರಿಗೆ ಸುಮ್ನೆ ನೋಡುವುದಕ್ಕಾಗಿ ಇದನ್ನು ಮಾಡುವುದಿಲ್ಲ. ಮಂಡಿ ಸಿಕ್ಕಿಕೊಳ್ಳುತ್ತಿದ್ದರೆ, ನೋವು ಮರಳಿದ್ದರೆ, ಅಂಟು ಬಿಡಿಸಬೇಕಿದ್ದರೆ ಮಾತ್ರ. ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಬಹುಪಾಲು ಸಂಶೋಧನೆಯಲ್ಲಿ. ನಾರ್ವೆಯಲ್ಲಿ 80 ರೋಗಿಗಳ ಮೇಲೆ ಮೈಕ್ರೋಫ್ರಾಕ್ಚರ್ ಮತ್ತು ಕೋಶ ನಾಟಿಯನ್ನು ಹೋಲಿಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ತೆಗೆದ ಚೂರುಗಳ ಗುಣಮಟ್ಟಕ್ಕೂ ರೋಗಿಗಳು ಹೇಗಿದ್ದಾರೆ ಅನ್ನುವುದಕ್ಕೂ ಅಲ್ಲಿ ಸಂಬಂಧ ಕಾಣಲಿಲ್ಲ.

ಹಂತ 10: ಭೇಟಿಯ ದಿನಕ್ಕೆ ಕಾಯಬಾರದ ಲಕ್ಷಣಗಳು

ಜ್ವರದ ಜೊತೆ ಮಂಡಿ ಕೆಂಪಾಗಿ ಬಿಸಿಯಾದರೆ, ಗಾಯದಿಂದ ಕೀವು ಬಂದರೆ, ಮೀನಖಂಡ ಊದಿ ನೋಯತೊಡಗಿದರೆ ಅದೇ ದಿನ ತೋರಿಸಿ. ಉಸಿರಾಟದ ತೊಂದರೆ ಅಥವಾ ಎದೆನೋವು ಬಂದರೆ ತುರ್ತು ಚಿಕಿತ್ಸೆಗೇ ಹೋಗಿ, ಕಾಲಿನ ಹೆಪ್ಪು ಶ್ವಾಸಕೋಶ ಸೇರಿರಬಹುದು. ಚೆನ್ನಾಗಿದ್ದ ಮಂಡಿ ಇದ್ದಕ್ಕಿದ್ದಂತೆ ಸಿಕ್ಕಿಕೊಂಡು ನೇರವಾಗದಿದ್ದರೆ, ಕಟ್ ಅಂದ ಮೇಲೆ ಊದಿಕೊಂಡರೆ, ನಾಟಿ ಮಾಡಿದ ಪದರ ಕಿತ್ತಿರಬಹುದು. ಇದು ಮೊದಲ ತಿಂಗಳುಗಳಲ್ಲಿ ಜಾಸ್ತಿ.

ಹಂತ 11: ಭೇಟಿಗೆ ಹೋಗುವಾಗ

ತೊಡೆಯವರೆಗೆ ಮಡಚಬಹುದಾದ ಬಟ್ಟೆ ಹಾಕಿಕೊಳ್ಳಿ. ಊತದ ಪುಸ್ತಕ ತನ್ನಿ. ಹಳೆಯ ಸ್ಕ್ಯಾನ್‌ಗಳ ಸಿ.ಡಿ. ತನ್ನಿ, ಬರೀ ವರದಿಯ ಕಾಗದ ಸಾಲದು. ಹಿಂದಿನ ದಿನ ಹೊಸ ವ್ಯಾಯಾಮ ಶುರು ಮಾಡಬೇಡಿ, ಅದರ ಊತ ಪರೀಕ್ಷೆಯನ್ನು ಗೊಂದಲಗೊಳಿಸುತ್ತದೆ. ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳಿ: ಇವತ್ತಿನಿಂದ ಏನೇನು ಮಾಡಬಹುದು? ಏನು ಇನ್ನೂ ಬೇಡ? ಮುಂದಿನ ಸಲ ಏನನ್ನು ನೋಡಿ ಅನುಮತಿ ಕೊಡುತ್ತೀರಿ?

ನನಗೆ ಓಡಲು ಅನುಮತಿ ಸಿಕ್ಕಿದ್ದು 13ನೇ ತಿಂಗಳಲ್ಲಿ. ಒಂದು ನಿಮಿಷ ನಿಧಾನದ ಓಟ, ಎರಡು ನಿಮಿಷ ನಡಿಗೆ, ಹೀಗೆ ಐದು ಸಲ. ಪುಸ್ತಕದಲ್ಲಿ ಅದನ್ನು ಬರೆದೆ. ಮಾರನೇ ಬೆಳಗ್ಗೆ ಹಾಸಿಗೆಯಲ್ಲೇ ಕಾಲು ಚಾಚಿ, ಒಳಬದಿಯನ್ನು ಮೇಲಕ್ಕೆ ಸವರಿ, ಹೊರಬದಿಯನ್ನು ಕೆಳಕ್ಕೆ ಸವರಿ ನೋಡಿದೆ. ಅಲೆ ಏಳಲಿಲ್ಲ. ಅದರ ಕೆಳಗಿನ ಸಾಲಿನಲ್ಲಿ "ಸೊನ್ನೆ" ಅಂತ ಬರೆದೆ.